ಅಪ್ಪನ ಗಂಜಿ ಬಟ್ಟಲು

ಕೇಳುಗರೆಲ್ಲರಿಗೂ ನಮಸ್ಕಾರ. ಮಧ್ಯಾಹ್ನದ ಹೊತ್ತು. ಕೆಲವರು ಊಟಕ್ಕೆ ಕುಳಿತಿರಬಹುದು, ಕೆಲವರು ಇನ್ನೂ ಒಲೆಯ ಮುಂದೆ ಇರಬಹುದು. ಬೀಡಿ ಕಟ್ಟುತ್ತಾ ರೇಡಿಯೋ ಕೇಳುವ ಅಕ್ಕಂದಿರೂ ಇದ್ದೀರಿ, ನನಗೆ ಗೊತ್ತು. ನನಗೆ ಕೊಟ್ಟಿರುವುದು ಹತ್ತು ನಿಮಿಷ. ಹಾಗಾಗಿ ಒಂದೇ ಮಾತು ಹೇಳುತ್ತೇನೆ. ನೀವು ಉಣ್ಣುವ ಬಟ್ಟಲನ್ನು ಒಮ್ಮೆ ಅಳೆದು ನೋಡಿ.

ನಾನು ಮಂಗಳೂರಿನಲ್ಲಿ ಡಯಟೀಷಿಯನ್. ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ಆಯಿತು. ಬಂದವರೆಲ್ಲ ಮೊದಲು ಕೇಳುವುದು, "ಮೇಡಂ, ನಾನು ಏನು ತಿನ್ನಬಾರದು?" ಅಂತ. ನಿಜ ಹೇಳಬೇಕಂದ್ರೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಎಷ್ಟು ತಿನ್ನಬೇಕು ಅಂತ ಕೇಳುವವರು ತುಂಬಾ ಕಡಿಮೆ. ನಮ್ಮ ಮನೆಯಲ್ಲೂ ಆಗ ಯಾರೂ ಕೇಳಲಿಲ್ಲ. ಅದರಿಂದ ಏನಾಯಿತು ಅಂತ ಹೇಳುತ್ತೇನೆ.

ನಮ್ಮದು ಉಡುಪಿ. ಅಪ್ಪನಿಗೆ ರಥಬೀದಿಯ ಹತ್ತಿರ ಸಣ್ಣ ಜವಳಿ ಅಂಗಡಿ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ರಾತ್ರಿ ಮತ್ತೆ ಗಂಜಿ. ಜೊತೆಗೆ ಚಟ್ನಿಯೋ ಉಪ್ಪಿನಕಾಯಿಯೋ ಇದ್ದರೆ ಸಾಕು. 47ನೇ ವಯಸ್ಸಿಗೆ ಅವರಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಸರಿಯಾದ ಹೊತ್ತಿಗೆ ಊಟ ಮಾಡಿ ಅಂದರು. ಉಳಿದ ಸಲಹೆಯೆಲ್ಲ ನೆಂಟರದ್ದು, ಅಂಗಡಿಗೆ ಬರುವವರದ್ದು. ಗಂಜಿ ಬಿಡಿ ಅಂದರು, ಅನ್ನ ವಿಷ ಅಂದರು. ಅಪ್ಪ ಹಟಗಾರರು. ಒಂದೇ ದಿನದಲ್ಲಿ ಗಂಜಿ ಬಿಟ್ಟರು. ಬೆಳಿಗ್ಗೆ ಅರ್ಧ ಮುಳ್ಳುಸೌತೆ, ಸಕ್ಕರೆ ಹಾಕದ ಕಾಫಿ, ಅಷ್ಟೇ. ಮಾತ್ರೆ ಮಾತ್ರ ತಪ್ಪಿಸಲಿಲ್ಲ.

ಹೀಗೆ ಮೂರು ವಾರ ನಡೆಯಿತು. ಒಂದು ದಿನ ಬಟ್ಟೆ ತರಲು ಮಂಗಳೂರಿಗೆ ಹೊರಟರು. ನನಗೆ ಪಿಯುಸಿ ಪರೀಕ್ಷೆ ಮುಗಿದಿತ್ತು, ಜೊತೆಗೆ ಹೋಗಿದ್ದೆ. ಬಸ್ಸು ಪಡುಬಿದ್ರಿ ದಾಟಿತು. ಅಪ್ಪನ ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ಕೈ ನಡುಗುತ್ತಿತ್ತು. ಏನು ಕೇಳಿದರೂ ತೊದಲುತ್ತಿದ್ದರು. ನನಗೆ ಹೆದರಿಕೆಯಲ್ಲಿ ಬಾಯಿಯೇ ಬರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಒಬ್ಬ ಮೀನು ಮಾರುವ ಅಮ್ಮ ಎದ್ದು ಬಂದು ಮುಖ ನೋಡಿದರು. "ಇವರಿಗೆ ಶುಗರ್ ಉಂಟಾ?" ಅಂತ ಕೇಳಿದರು. ಸೊಂಟದ ಚೀಲದಿಂದ ಬೆಲ್ಲದ ತುಂಡು ತೆಗೆದು ಬಾಯಿಗಿಟ್ಟು, ಚೀಪಲು ಹೇಳಿದರು. ಅವರ ಗಂಡನಿಗೂ ಹೀಗೇ ಆಗುತ್ತಿತ್ತಂತೆ. ಮೂಲ್ಕಿಯಲ್ಲಿ ಇಳಿದು ಕ್ಲಿನಿಕ್ಕಿಗೆ ಹೋದೆವು. ಬೆಲ್ಲ ತಿಂದ ಮೇಲೂ ಶುಗರ್ 58 ಇತ್ತು. 70ಕ್ಕಿಂತ ಕೆಳಗೆ ಹೋದರೆ ಅದು ಅಪಾಯ.

ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಬರೆದುಕೊಳ್ಳಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಹೀಗೆ ಬೆವರು, ನಡುಕ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷ ಕಾಯಿರಿ, ಕಡಿಮೆಯಾಗದಿದ್ದರೆ ಮತ್ತೊಮ್ಮೆ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂದಿನ ವಾರ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಆಹಾರ ತಜ್ಞೆಯ ಹತ್ತಿರ ಕಳಿಸಿದರು. ಹಿರಿಯ ಹೆಂಗಸು, ಕಾಟನ್ ಸೀರೆ. ಅಪ್ಪ ತಲೆ ತಗ್ಗಿಸಿ ಕುಳಿತಿದ್ದರು, ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ. ಆ ಮೇಡಂ ತುಳುವಿನಲ್ಲಿ "ಅಣ್ಣೇರೇ, ಪೋಡ್ಯೊಡ್ಚಿ" ಅಂದರು. ಹೆದರಬೇಡಿ ಅಂತ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ನೀವು ಗಂಜಿ ಉಣ್ಣುವ ಬಟ್ಟಲು ಎಷ್ಟು ದೊಡ್ಡದು?"

ಅಪ್ಪನಿಗೆ ಗೊತ್ತಿಲ್ಲ. ಅಮ್ಮ ಎರಡು ಕೈ ಅಗಲಿಸಿ ತೋರಿಸಿದರು. "ನಾಳೆ ಅದನ್ನೇ ತನ್ನಿ" ಅಂದರು ಅವರು. ಅಮ್ಮನಿಗೆ ನಾಚಿಕೆ. ಆಸ್ಪತ್ರೆಗೆ ಬಟ್ಟಲು ಹಿಡಿದುಕೊಂಡು ಹೋಗುವುದಾ? ಆದರೂ ಹಳೆಯ ಟವೆಲಿನಲ್ಲಿ ಸುತ್ತಿ, ಸಂಚಿಯೊಳಗೆ ಇಟ್ಟು ತಂದರು. ಆ ಮೇಡಂ ಅದನ್ನು ಮೇಜಿನ ಮೇಲಿಟ್ಟು ಒಂದು ಗ್ಲಾಸಿನಿಂದ ನೀರು ಸುರಿದರು. 200 ಮಿಲಿಲೀಟರಿನ ಗ್ಲಾಸು. ಅಮ್ಮನನ್ನು ಕೇಳಿದರು, "ಅನ್ನ ಎಲ್ಲಿವರೆಗೆ ಬರುತ್ತದೆ?" ಅಮ್ಮ ಬೆರಳಿಟ್ಟು ತೋರಿಸಿದ ಜಾಗಕ್ಕೆ ನೀರು ಬರುವಾಗ ಮೂರು ಗ್ಲಾಸು ಮುಗಿದಿತ್ತು.

ಒಂದು ಗ್ಲಾಸು ಅನ್ನದಲ್ಲಿ ಸುಮಾರು 35 ಗ್ರಾಂ ಪಿಷ್ಟ. ಮೂರು ಗ್ಲಾಸಿಗೆ 100 ಗ್ರಾಮಿಗಿಂತ ಜಾಸ್ತಿ. ಹೊಟ್ಟೆಗೆ ಹೋದ ಮೇಲೆ ಅದೆಲ್ಲ ಸಕ್ಕರೆಯೇ, ಇಪ್ಪತ್ತು ಚಮಚದಷ್ಟು. ಜೊತೆಗೆ ಬೇಳೆ ಇಲ್ಲ, ತರಕಾರಿ ಇಲ್ಲ, ಬರೀ ಉಪ್ಪಿನಕಾಯಿ. "ಗಂಜಿಯದ್ದು ತಪ್ಪಲ್ಲ, ಬಟ್ಟಲಿನದ್ದು" ಅಂದರು ಮೇಡಂ. ಅಪ್ಪ ಅವತ್ತು ಮೂರು ವಾರಗಳ ನಂತರ ಗಂಜಿ ಉಂಡರು. ಒಂದು ಗ್ಲಾಸು ಅನ್ನ, ಅದರ ತೆಳಿ, ದೊಡ್ಡ ಸೌಟಿನಲ್ಲಿ ಹೆಸರುಕಾಳಿನ ಪಲ್ಯ, ಪಕ್ಕದಲ್ಲಿ ಹರಿವೆ ಸೊಪ್ಪು. ಉಣ್ಣುವಾಗ ಅವರ ಕಣ್ಣಲ್ಲಿ ನೀರಿತ್ತು. ಮೂರು ತಿಂಗಳಲ್ಲಿ ಖಾಲಿ ಹೊಟ್ಟೆಯ ಶುಗರ್ 212ರಿಂದ 128ಕ್ಕೆ ಇಳಿಯಿತು.

ನಾನು ಏನು ಓದಬೇಕು ಅಂತ ನನಗೆ ಗೊತ್ತಾದದ್ದು ಆ ಮೇಜಿನ ಮುಂದೆ. "ಅಡುಗೆ ಕಲಿಯಲು ಕಾಲೇಜು ಬೇಕಾ?" ಅಂದರು ನೆಂಟರು. ಅಪ್ಪ ಮಾತ್ರ ಮಾತಾಡದೆ ಫೀಸು ಕಟ್ಟಿದರು.

ಕಾಲೇಜಿನಲ್ಲಿ ಓದುವಾಗ ನನಗೆ ತುಂಬಾ ಹಿಡಿಸಿದ್ದು ಬೆರಿಬೆರಿ ಕಾಯಿಲೆಯ ಪಾಠ. ಬಿ1 ವಿಟಮಿನ್ ಸಾಲದೆ ಬರುವ ಕಾಯಿಲೆ ಅದು. ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ಉಣ್ಣುವವರಿಗೆ ಬರುತ್ತಿತ್ತು. ಭತ್ತವನ್ನು ಬೇಯಿಸಿ ಒಣಗಿಸಿದರೆ ಸಿಪ್ಪೆಯ ಕಡೆಯ ಬಿ1 ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ಮಿಲ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ನಮ್ಮ ಕುಚ್ಚಲಕ್ಕಿ ಅಂದರೆ ಇದೇ ಅಲ್ವಾ! 1918ರಲ್ಲಿ ಮೆಕ್‌ಕ್ಯಾರಿಸನ್ ಎಂಬ ಬ್ರಿಟಿಷ್ ವೈದ್ಯರು ತಮಿಳುನಾಡಿನ ಕೂನೂರಿನ ಒಂದು ಕೋಣೆಯಲ್ಲಿ ಬೆರಿಬೆರಿಯ ಬಗ್ಗೆ ಸಂಶೋಧನೆ ಶುರು ಮಾಡಿದರು. ಇವತ್ತು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಬೆಳೆದದ್ದು ಆ ಕೋಣೆಯಿಂದ. ಊರಿನವರು ವಿಷ ಅಂದ ಅನ್ನದ ಬಗ್ಗೆ ಪುಸ್ತಕದಲ್ಲಿ ಹೀಗೆ ಬರೆದಿತ್ತು. ಅದೇ ದಿನ ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದ್ದೆ.

ಸಮಯ ಮುಗಿಯುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ನನ್ನ ರಕ್ತಹೀನತೆಯ ಕತೆ ಬೇಗ ಹೇಳಿಬಿಡುತ್ತೇನೆ. ಹಾಸ್ಟೆಲಿನಲ್ಲಿ ಎರಡನೇ ಮಹಡಿ ಹತ್ತಲು ನನಗೆ ಉಸಿರು ಸಾಲುತ್ತಿರಲಿಲ್ಲ. ಹಿಮೋಗ್ಲೋಬಿನ್ 8.6. ಹೆಂಗಸರಿಗೆ 12 ಇರಬೇಕು. ಕಬ್ಬಿಣದ ಮಾತ್ರೆ ನುಂಗುತ್ತಿದ್ದೆ, ಅದರ ಮೇಲೆಯೇ ಚಹಾ ಕುಡಿಯುತ್ತಿದ್ದೆ. ಚಹಾ ಕಬ್ಬಿಣವನ್ನು ಮೈಗೆ ಸೇರಲು ಬಿಡುವುದಿಲ್ಲ, ಲಿಂಬೆ ಸೇರಿಸುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ ಇಟ್ಟೆ, ಮಾತ್ರೆಗೆ ಲಿಂಬೆ ನೀರು ಕುಡಿದೆ. ನಮ್ಮ ದೇಶದಲ್ಲಿ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಬೀಡಿ ಕಟ್ಟುವ ಅಕ್ಕಂದಿರೇ, ಊಟದ ಬದಲು ಚಹಾ ಕುಡಿದು ಮತ್ತೆ ಕೆಲಸಕ್ಕೆ ಕೂರಬೇಡಿ. ದಯವಿಟ್ಟು.

ಉಪ್ಪಿನ ಬಗ್ಗೆ, ಒಣಮೀನಿನ ಬಗ್ಗೆ, ವಾಟ್ಸಾಪಿನಲ್ಲಿ ಬರುವ ಪುಡಿಗಳ ಬಗ್ಗೆ ಹೇಳಬೇಕಿತ್ತು. ಉಪ್ಪು ದಿನಕ್ಕೆ ಒಂದು ಟೀ ಚಮಚದ ಒಳಗೆ ಇರಲಿ, ಉಪ್ಪಿನಕಾಯಿಯದ್ದೂ ಸೇರಿ. ಪುಡಿಗಳನ್ನು ಸುಮ್ನೆ ದುಡ್ಡು ಕೊಟ್ಟು ತರಿಸಬೇಡಿ.

ಅಪ್ಪನಿಗೆ ಈಗ 72. ಈಗಲೂ ಅಕ್ಕಿ ಡಬ್ಬದ ಪಕ್ಕ ಒಂದು ಗ್ಲಾಸು ಇರುತ್ತದೆ. ಅನ್ನ ಬಡಿಸುವುದು ಅದರಲ್ಲೇ. ಆ ದೊಡ್ಡ ಬಟ್ಟಲು ನನ್ನ ಕೋಣೆಯ ಮೇಜಿನ ಮೇಲಿದೆ. ಇವತ್ತು ರಾತ್ರಿ ಉಣ್ಣುವ ಮೊದಲು ನಿಮ್ಮ ಬಟ್ಟಲಿಗೂ ಗ್ಲಾಸಿನಿಂದ ನೀರು ಸುರಿದು ಎಣಿಸಿ. ನಮ್ಮಂಥವರ ಹತ್ತಿರ ಬರುವಾಗ ರಕ್ತದ ರಿಪೋರ್ಟಿನ ಜೊತೆ ಆ ಲೆಕ್ಕವನ್ನೂ ತನ್ನಿ. ಬಟ್ಟಲನ್ನೇ ತಂದರೆ ಇನ್ನೂ ಒಳ್ಳೆಯದು, ನಾಚಿಕೆ ಬೇಡ. ನಮಸ್ಕಾರ.