ಶಸ್ತ್ರಚಿಕಿತ್ಸೆಗೆ ಮೊದಲು ತಿಳಿಯಬೇಕಾದ ಚಿಕಿತ್ಸೆ

ಕೇಳುಗರಿಗೆ ನಮಸ್ಕಾರ.

ವಯಸ್ಸಿಗೆ ತಕ್ಕ ಮೈಕಟ್ಟು ಬಂದಿದ್ದರೂ ಹದಿನೈದು ತುಂಬಿದ ಹುಡುಗಿ ಮುಟ್ಟಾಗದಿದ್ದರೆ ಅದಕ್ಕೆ ಹಲವು ಕಾರಣಗಳಿರಬಹುದು. ಗರ್ಭಕೋಶವೂ ಯೋನಿಯ ಮೇಲ್ಭಾಗವೂ ಭ್ರೂಣಾವಸ್ಥೆಯಲ್ಲೇ ಬೆಳೆಯದೆ ಉಳಿದಿರುವುದು ಅವುಗಳಲ್ಲಿ ಒಂದು. ವೈದ್ಯರು ಇದನ್ನು ಎಂ.ಆರ್.ಕೆ.ಎಚ್. ಎನ್ನುತ್ತಾರೆ. ಸುಮಾರು 4,500ರಿಂದ 5,000 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಇವರ ಅಂಡಾಶಯಗಳು ಸಾಮಾನ್ಯವಾಗಿ ಸರಿಯಾಗಿಯೇ ಕೆಲಸ ಮಾಡುತ್ತವೆ. ಕೆಲವರಲ್ಲಿ ಒಂದೇ ಮೂತ್ರಪಿಂಡವಿರುವುದರಿಂದ ಅದರ ಸ್ಕ್ಯಾನಿಂಗ್ ಕೂಡ ಆಗಬೇಕು. ತಾಯಿಯ ತಪ್ಪಿನಿಂದಾಗಲಿ, ಮಗಳ ತಪ್ಪಿನಿಂದಾಗಲಿ ಇದು ಬರುವುದಿಲ್ಲ.

ವಿಷಯ ತಿಳಿದೊಡನೆ ಹಿರಿಯರು, ‘ಮದುವೆಗೆ ಮುಂಚೆ ಆಪರೇಷನ್ ಮಾಡಿಸಿಬಿಡೋಣ’ ಎನ್ನುತ್ತಾರೆ. ಆ ಆತುರವನ್ನು ದಯವಿಟ್ಟು ತಡೆಯಿರಿ. ಲೈಂಗಿಕ ಮಿಲನಕ್ಕೆ ಸಾಕಾಗುವಂತೆ ಯೋನಿಯನ್ನು ನಿಧಾನವಾಗಿ ಹಿಗ್ಗಿಸುವ, ಕತ್ತರಿ, ಹೊಲಿಗೆಗಳಿಲ್ಲದ ಒಂದು ಚಿಕಿತ್ಸೆಯನ್ನು ಅಮೆರಿಕದ ವೈದ್ಯ ರಾಬರ್ಟ್ ಫ್ರಾಂಕ್ 1938ರಲ್ಲೇ ವಿವರಿಸಿದ್ದರು. ಅಲ್ಲಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಕಾಲೇಜು 2018ರಲ್ಲಿ ಇದನ್ನೇ ಮೊದಲ ಆಯ್ಕೆಯೆಂದು ಹೇಳಿದ್ದು, ತಕ್ಕ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯಿದ್ದರೆ ನೂರಕ್ಕೆ 90ರಿಂದ 96 ಮಂದಿಯಲ್ಲಿ ಫಲ ಸಿಗುತ್ತದೆಂದು ತಿಳಿಸಿದೆ.

ಯೋನಿಯ ಜಾಗದಲ್ಲಿ ಇಂಥವರಿಗೆ ಸಣ್ಣ ಕುಳಿಯಷ್ಟೇ ಇರುತ್ತದೆ. ಡೈಲೇಟರ್ ಎಂಬ ನಯವಾದ, ದುಂಡು ತುದಿಯ ಕೊಳವೆಗೆ ನೀರಿನಂಶದ ಜೆಲ್ ಸವರಿ, ಆ ಕುಳಿಯ ಮೇಲಿಟ್ಟು, ಮೂತ್ರನಾಳಕ್ಕೆ ತಾಗದಂತೆ ಬೆನ್ನಿನ ಕೆಳಭಾಗದ ಕಡೆಗೆ ಹದವಾಗಿ ಒತ್ತಬೇಕು. ಒತ್ತಡ ತಿಳಿಯಬೇಕು, ನೋವು ಹೆಚ್ಚಬಾರದು. ದಿನಕ್ಕೆ ಒಂದರಿಂದ ಮೂರು ಬಾರಿ, ಪ್ರತಿ ಬಾರಿಯೂ ಹತ್ತರಿಂದ ಮೂವತ್ತು ನಿಮಿಷ ಇದನ್ನು ಮಾಡುತ್ತಾ, ಅಂಗಾಂಶ ಹಿಗ್ಗಿದಂತೆಲ್ಲ ದೊಡ್ಡ ಅಳತೆಗೆ ಹೋಗುತ್ತಾರೆ. ಮೊದಲ ಬಾರಿ ವೈದ್ಯೆಯೋ ನರ್ಸೋ ಕನ್ನಡಿ ಹಿಡಿದು ಜಾಗ ಮತ್ತು ದಿಕ್ಕನ್ನು ತೋರಿಸಿಕೊಡಬೇಕು. ಸೈಕಲ್ ಸೀಟಿನಂಥ ಆಸನದ ಮೇಲೆ ಕುಳಿತು ದೇಹದ ಭಾರದಿಂದಲೇ ಒತ್ತಡ ಬೀಳುವಂತೆ ಮಾಡುವ ಕ್ರಮವನ್ನು ವೈದ್ಯ ಇನ್‌ಗ್ರಾಂ 1981ರಲ್ಲಿ ಪ್ರಕಟಿಸಿದರು.

ಹಲವು ತಿಂಗಳು ಬೇಕಾಗುವ ಈ ಚಿಕಿತ್ಸೆಗೆ ಅವಳದೇ ಒಪ್ಪಿಗೆ, ಚಿಲಕವಿರುವ ಒಂದು ಕೋಣೆ ಮತ್ತು ‘ಒಳಗೆ ಏನು ಮಾಡ್ತಿದ್ದೀಯ?’ ಎಂದು ಕೇಳದ ಮನೆಯವರು ಬೇಕು. ತುಂಬಿದ ಮನೆಗಳಲ್ಲಿ ಇದು ಔಷಧಕ್ಕಿಂತ ದುರ್ಲಭ. ಆದ್ದರಿಂದ ಅವಳು ಮಾನಸಿಕವಾಗಿ ಸಿದ್ಧಳಾಗುವವರೆಗೆ ಕಾಯಬೇಕು, ಕಾಯುವುದರಿಂದ ದೇಹಕ್ಕೆ ಹಾನಿಯಿಲ್ಲ. ಚಿಕ್ಕ ಮಕ್ಕಳಿಗಂತೂ ಇದನ್ನು ಮಾಡಲೇಕೂಡದು.

ಡೈಲೇಟರ್‌ನಿಂದ ಮುಟ್ಟೂ ಬರುವುದಿಲ್ಲ, ಬಸಿರೂ ನಿಲ್ಲುವುದಿಲ್ಲ. ಆದರೆ ಅವಳ ಅಂಡಾಣುಗಳಿಂದಲೇ ಬಾಡಿಗೆ ತಾಯ್ತನದ ಮೂಲಕ ಮಗುವನ್ನು ಪಡೆಯಲು ಸಾಧ್ಯವಿದ್ದು, ಗರ್ಭಕೋಶವಿಲ್ಲದ ವಿವಾಹಿತೆಗೆ ನಮ್ಮ ದೇಶದ ಕಾನೂನು ನಿಬಂಧನೆಗಳೊಂದಿಗೆ ಆ ಅವಕಾಶ ಕೊಟ್ಟಿದೆ.

ಈ ಕ್ರಮ ಫಲಿಸದವರಿಗೆ ಶಸ್ತ್ರಚಿಕಿತ್ಸೆಗಳಿವೆ. ಅವುಗಳಲ್ಲಿ ಹೆಚ್ಚಿನವುಗಳ ನಂತರವೂ ಹೊಸ ಮಾರ್ಗ ಕುಗ್ಗದಂತೆ ಡೈಲೇಟರ್ ಬಳಸಲೇಬೇಕೆಂಬುದನ್ನು ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲೇ ಅವಳಿಗೆ ಬಿಡಿಸಿ ಹೇಳಬೇಕು. ನಮಸ್ಕಾರ.