ಮೊದಲು ದುಡ್ಡು, ಆಮೇಲೆ ಕ್ರಾಸಿಂಗ್

ಕೇಳುಗರಿಗೆ ನಮಸ್ಕಾರ.

ನಾನು ಪಶುವೈದ್ಯ. ನನಗೆ ಕೊಟ್ಟಿರುವ ವಿಷಯ ‘ಸಾಕುನಾಯಿಗಳ ಸಂತಾನಾಭಿವೃದ್ಧಿ ಮತ್ತು ತುರ್ತು ಚಿಕಿತ್ಸೆಯ ವೆಚ್ಚ’. ಕೇಳಿದರೆ ಪರೀಕ್ಷೆಗೆ ಓದಬೇಕೇನೋ ಅನ್ನಿಸುತ್ತದೆ, ಅಲ್ವಾ? ನಾನು ಅದನ್ನು ನಾಲ್ಕೇ ಪದಕ್ಕೆ ಇಳಿಸಿಕೊಂಡು ಬಂದಿದ್ದೇನೆ. ಮೊದಲು ದುಡ್ಡು, ಆಮೇಲೆ ಕ್ರಾಸಿಂಗ್. ಕ್ರಾಸಿಂಗ್ ಅಂದರೆ ಹೆಣ್ಣುನಾಯಿಯನ್ನು ಗಂಡಿನ ಜೊತೆ ಕೂಡಿಸುವುದು.

ಈ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿರುವವರು ಯಾರು ಅಂತ ನನಗೆ ಚೆನ್ನಾಗಿ ಗೊತ್ತು. ನಿಮ್ಮ ಮನೆಯಲ್ಲಿ ಒಂದು ಹೆಣ್ಣುನಾಯಿ ಇದೆ. ಪಗ್ಗೋ, ಲ್ಯಾಬ್ರಡಾರೋ, ಶಿಟ್ಜುವೋ. ಪಕ್ಕದ ಬೀದಿಯಲ್ಲಿ ಅದೇ ಜಾತಿಯ ಗಂಡು ಇದೆ. ನನ್ನ ಹತ್ತಿರ ಬಂದು, ‘ಸಾರ್, ಒಂದ್ಸಲ ಮರಿ ಹಾಕಿಸಿಬಿಡೋಣ, ಪಾಪ ಅದಕ್ಕೂ ತಾಯ್ತನ ಗೊತ್ತಾಗಲಿ’ ಅನ್ನುತ್ತೀರಿ. ಆ ಮಾತಿನ ಬೆನ್ನಿಗೇ ‘ಈಗ ಮರಿ ಎಷ್ಟಕ್ಕೆ ಹೋಗುತ್ತೆ ಸಾರ್?’ ಅಂತಲೂ ಕೇಳುತ್ತೀರಿ. ತಪ್ಪೇನಿಲ್ಲ. ಆದರೆ ಮೂರನೆಯ ಪ್ರಶ್ನೆಯೊಂದು ಇದೆ. ಅದನ್ನು ನೀವು ಕೇಳುವುದಿಲ್ಲ, ನಾನೇ ಕೇಳುತ್ತೇನೆ. ರಾತ್ರಿ ಒಂದೂವರೆಗೆ ಆಪರೇಷನ್ ಮಾಡಬೇಕಾಗಿ ಬಂದರೆ ಕೈಯಲ್ಲಿ 30 ಸಾವಿರ ಇದೆಯಾ?

ಈ 30 ಸಾವಿರ ಎಲ್ಲಿಂದ ಬಂತು ಅನ್ನುತ್ತೀರಿ. ಒಂದು ಕಥೆ ಹೇಳುತ್ತೇನೆ. ಹೆಸರು ಬೇಡ. ಮೈಸೂರಿನ ಹುಡುಗ, ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಪಗ್ ನಾಯಿಯ ಹೆಸರು ಮಾತ್ರ ಹೇಳಬಹುದು, ಚಿನ್ನಿ. ಕ್ರಾಸ್ ಮಾಡಿಸಿದ್ದ. ಸ್ಕ್ಯಾನ್ ಮಾಡಿಸಿ, ನಾಲ್ಕು ಮರಿ ಅಂತ ಹೇಳಿಸಿಕೊಂಡು ಖುಷಿಯಾಗಿ ಹೋದವನು ಮತ್ತೆ ಬಸುರಿನ ಕೊನೆಯ ದಿನಗಳ ಎಕ್ಸ್‌ರೇಗೆ ಬರಲಿಲ್ಲ. ಆಮೇಲೆ ಅವನು ಬಂದದ್ದು ರಾತ್ರಿ ಒಂದೂವರೆಗೆ. ಮನೆ ಗೇಟು ಅಲ್ಲಾಡಿಸಿದ ಸದ್ದಿಗೆ ನಮ್ಮ ಬೀದಿಯ ನಾಯಿಗಳೆಲ್ಲ ಎದ್ದವು.

ಕೆಳಗೆ ಇಳಿದು ಬಂದರೆ ಸ್ಕೂಟರಿನ ಮುಂದುಗಡೆ ಪ್ಲಾಸ್ಟಿಕ್ ಬಟ್ಟೆಬುಟ್ಟಿ. ಅದರಲ್ಲಿ ಹಳೇ ನೈಟಿ ಹಾಸಿ ಚಿನ್ನಿಯನ್ನು ಮಲಗಿಸಿದ್ದಾನೆ. ನಾಲಿಗೆ ಹೊರಗೆ, ಕಣ್ಣು ಅರ್ಧ ಮುಚ್ಚಿದೆ. ಬಾಲದ ಕೆಳಗೆ ನೈಟಿಯೆಲ್ಲ ಹಸಿರು. ಸೊಪ್ಪು ಅರೆದು ಸುರಿದ ಹಾಗೆ ಕಡು ಹಸಿರು. ಅದನ್ನು ನೋಡಿದ ತಕ್ಷಣ ನನಗೆ ಗೊತ್ತಾಯಿತು. ಆ ಹಸಿರು ಮಾಸಿನಿಂದ, ಅಂದರೆ ಪ್ಲಾಸೆಂಟಾದಿಂದ, ಬರುವುದು. ಒಂದು ಮರಿಯೂ ಹೊರಗೆ ಬಾರದೆ ಹಸಿರು ಕಂಡಿತು ಅಂದರೆ, ಒಳಗೆ ಮಾಸು ಬಿಟ್ಟುಕೊಳ್ಳುತ್ತಿದೆ, ಮರಿಗೆ ಉಸಿರು ಸಿಗುತ್ತಿಲ್ಲ ಅಂತ.

‘ಯಾವಾಗಿನಿಂದ ತಿಣುಕುತ್ತಿದೆ?’ ಅಂತ ಕೇಳಿದೆ. ‘ಎಂಟು ಗಂಟೆಯಿಂದ ಸಾರ್.’

ಎಂಟು ಗಂಟೆಯಿಂದ! ಐದೂವರೆ ಗಂಟೆ ಹೊತ್ತು. ಯಾಕಪ್ಪಾ ಬರಲಿಲ್ಲ ಅಂದರೆ ತಲೆ ತಗ್ಗಿಸಿದ. ಖರ್ಚಾಗುತ್ತೆ ಅಂತ. ನಡುವೆ ನಾಯಿ ವ್ಯವಹಾರ ಬಲ್ಲ ಪಕ್ಕದ ಮನೆಯವರೊಬ್ಬರು ಬಂದು ಇಂಜೆಕ್ಷನ್ ಬೇರೆ ಚುಚ್ಚಿದ್ದರಂತೆ. ಯಾವುದು? ಆಕ್ಸಿಟೋಸಿನ್. ಹಸು ಹಾಲು ಇಳಿಸಲಿ ಅಂತ ಕದ್ದು ಮುಚ್ಚಿ ಚುಚ್ಚುತ್ತಾರಲ್ಲ, ಅದೇ. ಅದು ಗರ್ಭಕೋಶವನ್ನು ಜೋರಾಗಿ ಹಿಂಡುತ್ತದೆ. ಮಂಚ ಬಾಗಿಲಿಗೆ ಅಡ್ಡ ಸಿಕ್ಕಿಕೊಂಡಿರುವಾಗ ಹಿಂದಿನಿಂದ ನಾಲ್ಕು ಜನ ತಳ್ಳಿದರೆ ಏನಾಗುತ್ತದೆ ಹೇಳಿ? ಬಾಗಿಲಿನ ಚೌಕಟ್ಟೇ ಸೀಳುತ್ತದೆ. ಪಗ್ ಮರಿಯ ತಲೆ ದೊಡ್ಡದು, ತಾಯಿಯ ಸೊಂಟದ ಮೂಳೆಯ ದಾರಿ ಕಿರಿದು. ಅಲ್ಲಿ ಇಂಜೆಕ್ಷನ್ ಏನು ಮಾಡೀತು? ದಯವಿಟ್ಟು, ದಯವಿಟ್ಟು ಅದನ್ನು ಮನೆಯಲ್ಲಿ ಚುಚ್ಚಬೇಡಿ.

ಅರಿವಳಿಕೆ ಕೊಡುವವರಿಗೆ ಫೋನ್ ಮಾಡಿದೆ. ಅವರು ಪಾಪ ಸ್ವೆಟರ್ ಮೇಲೇ ಬಂದರು. ನನ್ನ ಸಹಾಯಕ ಬಂದ. ನನ್ನ ಹೆಂಡತಿಯೂ ಕೆಳಗಿಳಿದು ಬಂದಳು. ನಾಯಿಯ ಸಿಸೇರಿಯನ್ನಿಗೆ ಜಾಸ್ತಿ ಕೈ ಬೇಕು ಕೇಳುಗರೇ. ನಾನು ಮರಿ ತೆಗೆದು ತೆಗೆದು ಕೊಡುತ್ತಿದ್ದರೆ ಒಂದೊಂದು ಮರಿಗೂ ಒಬ್ಬೊಬ್ಬರು ಬೇಕು. ರಾತ್ರಿ ಬಿಲ್ ಯಾಕೆ ಏರುತ್ತದೆ ಅಂತ ಕೇಳುತ್ತೀರಲ್ಲ, ಇದಕ್ಕೇ. ಡ್ರಿಪ್ಪು, ಹೊಲಿಗೆ ದಾರ, ಆಮ್ಲಜನಕ, ರಕ್ತ ಪರೀಕ್ಷೆ, ಅದರ ಮೇಲೆ ನಿದ್ದೆಗೆಟ್ಟ ಮೂರು ಜನ.

ಮೊದಲ ಮರಿ ದಾರಿಯಲ್ಲೇ ಅಡ್ಡ ಸಿಕ್ಕಿ ಸತ್ತಿತ್ತು. ಎರಡನೆಯದೂ ಸತ್ತಿತ್ತು. ಮೂರನೆಯದು ಉಸಿರಾಡಿತು, ಬೆಳಗಿನ ಜಾವ ಹೋಯಿತು. ನಾಲ್ಕನೆಯದನ್ನು ಆ ಹುಡುಗನ ಕೈಗೇ ಕೊಟ್ಟೆ. ‘ಉಜ್ಜು, ನಿಲ್ಲಿಸಬೇಡ’ ಅಂದೆ. ಒಣ ಟವೆಲ್ಲಿನಲ್ಲಿ ಬೆನ್ನು ಉಜ್ಜುತ್ತಾ ನಿಂತ. ಸಣ್ಣ ಆಲೂಗಡ್ಡೆಯಷ್ಟು ಮರಿ. ಮೂಗಿನಲ್ಲಿ ಲೋಳೆ, ಹೊಟ್ಟೆ ತಣ್ಣಗೆ. ಐದು ನಿಮಿಷ, ಹತ್ತು ನಿಮಿಷ. ಅವನ ಕೈ ನಡುಗುತ್ತಿತ್ತು, ಆದರೂ ಉಜ್ಜುತ್ತಿದ್ದ. ನಾನು ಹೊಲಿಗೆ ಹಾಕುತ್ತಿದ್ದೆ, ತಿರುಗಿ ನೋಡಲಿಲ್ಲ. ಆಮೇಲೆ ಒಂದು ಸದ್ದು ಬಂತು. ಹೊಸ ಚಪ್ಪಲಿ ಕಿರುಗುಟ್ಟುತ್ತದಲ್ಲ, ಹಾಗೆ. ನನ್ನ ಹೆಂಡತಿ ‘ಅಯ್ಯೋ’ ಅಂದಳು. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಆ ಸದ್ದು ಮಾತ್ರ ನನಗೆ ಇನ್ನೂ ಹಳತಾಗಿಲ್ಲ.

ಬಿಲ್ 27,600 ಆಯಿತು. ಹುಡುಗ ನನ್ನ ಚಾರ್ಜರಿಗೆ ಸಿಕ್ಕಿಸಿದ ಮೊಬೈಲಿನಲ್ಲಿ 6,000 ಹಾಕಿದ. ಭಾವನಿಗೆ ಫೋನ್ ಮಾಡಿದ, ಎತ್ತಲಿಲ್ಲ. ಉಳಿದದ್ದನ್ನು ಕಂತಿನಲ್ಲಿ ಕೊಟ್ಟ, ಪೂರ್ತಿ ಕೊಟ್ಟ. ಒಂದು ದಿನ ದುಡ್ಡಿನ ಜೊತೆಗೆ ಒಂದು ಹಾಳೆ ತೋರಿಸಿದ, ಅಂಗಡಿಯ ಬಿಲ್ ಪುಸ್ತಕದ ಹಿಂಬದಿ. ಮರಿ 4, ಒಂದಕ್ಕೆ 12,000, ಒಟ್ಟು 48,000. ಗಂಡುನಾಯಿಯವರಿಗೆ 8,000. ಕೋಳಿ, ಮೊಟ್ಟೆ 3,000. ಲಾಭ 37,000. ಕೆಳಗೆ ಎರಡು ಗೆರೆ ಎಳೆದಿದ್ದ. ಡಾಕ್ಟರ್ ಅನ್ನುವ ಸಾಲೇ ಇರಲಿಲ್ಲ. ಎಕ್ಸ್‌ರೇಯ ಸಾಲೂ ಇಲ್ಲ, ಲಸಿಕೆಯ ಸಾಲೂ ಇಲ್ಲ.

ಉಳಿದ ಆ ಒಂದು ಮರಿಯನ್ನು ಅವನು ಮಾರಲಿಲ್ಲ. ಹೆಣ್ಣು ಅದು. ಈಚೆಗೆ ಹೀಟಿಗೆ, ಅಂದರೆ ಬೆದೆಗೆ, ಬಂದಿದೆ ಅಂತ ಫೋನ್ ಮಾಡಿದಾಗ ನನ್ನ ಎದೆ ಧಸಕ್ ಅಂತು. ‘ಗರ್ಭಕೋಶ ತೆಗೆಸೋಕೆ ಯಾವಾಗ ಕರ್ಕೊಂಡು ಬರ್ಲಿ ಸಾರ್?’ ಅಂದ. ಹೀಟು ಇಳಿದು ಎರಡು ಮೂರು ತಿಂಗಳಾಗಲಿ ಮಾರಾಯ ಅಂದೆ.

ಕಥೆ ಉದ್ದವಾಯಿತು. ನನಗೆ ಗೊತ್ತು, ಬರೆಯುವಾಗಲೇ ಗೊತ್ತಿತ್ತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ನಾಯಿಯ ಬಸುರು ಸುಮಾರು 63 ದಿನ. 55 ದಿನ ಕಳೆದ ಮೇಲೆ ಒಂದು ಎಕ್ಸ್‌ರೇ ತೆಗೆಸಿ. ಮರಿ ಎಷ್ಟು, ತಲೆ ಎಷ್ಟು ದೊಡ್ಡದು, ಎಲ್ಲ ಕಾಣುತ್ತದೆ. ಸ್ಕ್ಯಾನಿನಲ್ಲಿ ಎಣಿಕೆ ತಪ್ಪುತ್ತದೆ, ಎಕ್ಸ್‌ರೇಯಲ್ಲಿ ಮೂಳೆ ಎಣಿಸಬಹುದು. ಕೆಲವು ನೂರು ರೂಪಾಯಿಯ ಎಕ್ಸ್‌ರೇ ಬಿಟ್ಟು ಸಾವಿರಗಟ್ಟಲೆ ಕಳೆದುಕೊಳ್ಳಬೇಡಿ. ಕೊನೆಯ ವಾರ ದಿನಕ್ಕೆ ಎರಡು ಸಲ ಥರ್ಮಾಮೀಟರ್ ಇಟ್ಟು ನೋಡಿ. ಮಾಮೂಲಿಗೆ 101, 102 ಡಿಗ್ರಿ ಇರುವುದು 99ಕ್ಕಿಂತ ಕೆಳಗೆ ಇಳಿದರೆ, ಸಾಮಾನ್ಯವಾಗಿ ಇನ್ನೊಂದು ದಿನದೊಳಗೆ ಹೆರಿಗೆ. ಆ ದಿನವೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಹಗಲು ಮಾಡುವ ಆಪರೇಷನ್ನಿಗೆ ರಾತ್ರಿಗಿಂತ ಕಡಿಮೆ ಖರ್ಚು.

ಜೋರಾಗಿ ತಿಣುಕಲು ಶುರುಮಾಡಿ ಅರ್ಧ ಗಂಟೆಯಾದರೂ ಮರಿ ಇಲ್ಲವೇ? ಹೊರಡಿ. ಒಂದು ಮರಿ ಬಂದು ಎರಡು ಗಂಟೆಯಾದರೂ ಒಳಗಿರುವ ಇನ್ನೊಂದು ಬಂದಿಲ್ಲವೇ? ಹೊರಡಿ. ಮರಿ ಬರುವ ಮೊದಲೇ ಹಸಿರು ಕಂಡಿತೇ? ಚಪ್ಪಲಿ ಹುಡುಕುತ್ತಾ ಕೂರಬೇಡಿ, ಹೊರಡಿ.

ಉತ್ತರ ಕರ್ನಾಟಕದ ಕೇಳುಗರು ಈಗ ನಗುತ್ತಿರಬಹುದು. ‘ನಮ್ಮ ಮುಧೋಳ ನಾಯಿ ಜೋಳದ ಸೊಪ್ಪೆಯ ಮೂಲೆಯಲ್ಲಿ ತಾನೇ ಮರಿ ಹಾಕತೈತಿ, ಯಾವ ಡಾಕ್ಟರೂ ಬ್ಯಾಡ’ ಅಂತ. ನಿಜ ಸ್ವಾಮಿ. ಉದ್ದ ಮೂತಿ, ಸಣ್ಣ ತಲೆ, ಓಡಿ ಗಟ್ಟಿಯಾದ ಮೈ. ಆದರೆ ಅದಕ್ಕೂ ಒಮ್ಮೊಮ್ಮೆ ಒಂದೇ ಮರಿ ಇರುತ್ತದೆ. ಒಂದೇ ಮರಿ ಅಂದರೆ ಅದು ಹೊಟ್ಟೆಯಲ್ಲಿ ಹಾಯಾಗಿ ತಿಂದು ದಪ್ಪಗಾಗಿರುತ್ತದೆ, ಎಷ್ಟೋ ಸಲ ಹೆರಿಗೆ ಶುರುವಾಗುವುದೇ ಇಲ್ಲ. ಅಲ್ಲಿಗೂ ಕತ್ತರಿ ಬೇಕು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಸಾಕುವವರು ಅಲ್ಲಿಗೆ ಹೋಗಿ ಕೇಳಿ ತಿಳಿದುಕೊಳ್ಳಿ.

ಹೆರಿಗೆ ಸುಸೂತ್ರವಾದರೆ ಖರ್ಚು ಮುಗಿಯಿತು ಅಂದುಕೊಂಡಿರಾ? ಎರಡು ಮೂರು ವಾರಕ್ಕೆ, ಅದರಲ್ಲೂ ಸಣ್ಣ ಜಾತಿಯ ನಾಯಿಗೆ, ಹಾಲಿನ ನಂಜು ಬರಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಮೈ ಅದುರಿ, ಸೆಟೆದುಕೊಳ್ಳುತ್ತದೆ. ಗಂಟೆಯೊಳಗೆ ರಕ್ತನಾಳಕ್ಕೆ ಕ್ಯಾಲ್ಸಿಯಂ ಹೋಗಬೇಕು. ಹಾಗಂತ ಬಸುರಿನಲ್ಲೇ ಕ್ಯಾಲ್ಸಿಯಂ ಸಿರಪ್ ಸುರಿಯಬೇಡಿ, ಅದರಿಂದ ಈ ಕಾಯಿಲೆ ಇನ್ನೂ ಜಾಸ್ತಿ. ಅದೂ ತುರ್ತು, ಅದಕ್ಕೂ ದುಡ್ಡು.

ಕಾನೂನಿನ ಬಗ್ಗೆ ಒಂದೇ ಮಾತು. 2017ರ ನಾಯಿ ಸಂತಾನೋತ್ಪತ್ತಿ ನಿಯಮಗಳ ಪ್ರಕಾರ ಒಂದು ನಾಯಿಗೆ ಜೀವಮಾನದಲ್ಲಿ ಐದೇ ಸೂಲು, ಅಂದರೆ ಐದೇ ಸಲ ಹೆರಿಗೆ. ಸಾಲಾಗಿ ಎರಡು ಹೀಟಿಗೆ ಮರಿ ಹಾಕಿಸುವಂತಿಲ್ಲ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಆ ಎಂಟು ವಾರದ ಊಟ, ಜಂತುಹುಳುವಿನ ಔಷಧಿ, ಲಸಿಕೆ ಎಲ್ಲ ನಿಮ್ಮದೇ ಲೆಕ್ಕಕ್ಕೆ.

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕಡಿಮೆಯಲ್ಲಿ ಆಗುತ್ತದಲ್ಲ ಅನ್ನುತ್ತೀರಿ. ಆಗುತ್ತದೆ. ಹಗಲು ಹೋಗಿ. ಮರಿಗಳು ಗಡಿಯಾರ ನೋಡಿಕೊಂಡು ಹುಟ್ಟುವುದಿಲ್ಲವಲ್ಲ, ಅದೇ ಕಷ್ಟ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಬ್ಯಾಂಕಿನಲ್ಲಿ ನಾಯಿಯ ಹೆಸರಿನಲ್ಲಿ ಅಂತ ಮನಸ್ಸಿನಲ್ಲೇ ಅಂದುಕೊಂಡು 30 ಸಾವಿರ ಬೇರೆ ಇಡಿ. ಇಡಲು ಆಗದಿದ್ದರೆ ಈ ಸಲ ಕ್ರಾಸಿಂಗ್ ಬೇಡ, ಮುಂದಿನ ಹೀಟಿಗೆ ನೋಡೋಣ. ಆಮೇಲೆ, ರಾತ್ರಿ ಬಾಗಿಲು ತೆಗೆಯುವ ಡಾಕ್ಟರ್ ನಿಮ್ಮ ಊರಿನಲ್ಲಿ ಯಾರಿದ್ದಾರೆ ಅಂತ ಹಗಲಲ್ಲೇ ವಿಚಾರಿಸಿ, ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಮೊಬೈಲಿನಲ್ಲಿ ಸೇವ್ ಮಾಡಿದರೆ ಸಾಲದು. ಆ ಹುಡುಗನೂ ನನ್ನ ನಂಬರ್ ಸೇವ್ ಮಾಡಿದ್ದ, ಅವತ್ತು ರಾತ್ರಿ ಅವನ ಮೊಬೈಲ್ ಚಾರ್ಜ್ ಮುಗಿದಿತ್ತು. ಮೊಬೈಲ್ ರಿಪೇರಿ ಅಂಗಡಿಯವನು, ನೋಡಿ.

ನಮಸ್ಕಾರ.