ಬಿಪಿ ಇದ್ದವರು ಸ್ತನ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಳ್ಳಬಹುದೇ?

(ಮುಂಬಯಿಯ ಮಾಟುಂಗಾದಲ್ಲಿ ಕನ್ನಡ ಮಹಿಳೆಯರಿಗಾಗಿ ಅರಿವಳಿಕೆ ವೈದ್ಯೆಯೊಬ್ಬರು ಮಾಡಿದ ಉಪನ್ಯಾಸ)

ಅಕ್ಕಂದಿರೇ, ಅಮ್ಮಂದಿರೇ, ನಮಸ್ಕಾರ.

ಎದೆಯ ಭಾರಕ್ಕೆ ಕತ್ತು, ಭುಜ ನೋಯುತ್ತವೆ. ಬ್ರಾ ಪಟ್ಟಿ ಒತ್ತಿ ಭುಜದಲ್ಲಿ ಗುಳಿ ಬೀಳುತ್ತದೆ. ಇಲ್ಲಿನ ಸೆಕೆಗೆ ಸ್ತನದ ಕೆಳಗಿನ ಚರ್ಮ ಕೆಂಪಾಗಿ ಉರಿಯುತ್ತದೆ. ನಾಚಿಕೆಗೆ ಯಾರಿಗೂ ಹೇಳದೆ ವರ್ಷಗಟ್ಟಲೆ ತಡೆದುಕೊಂಡು, ಕೊನೆಗೊಮ್ಮೆ ಸರ್ಜನ್ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಜನರಿಗೆ ಬಿಪಿ ಶುರುವಾಗಿರುತ್ತದೆ. ಆಪರೇಷನ್ ಬೇಡ ಅಂದುಬಿಟ್ಟರೆ ಅನ್ನುವ ಭಯಕ್ಕೆ ಕೆಲವರು ಅದನ್ನು ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹತೋಟಿಯಲ್ಲಿರುವ ಬಿಪಿ ಇದಕ್ಕೆ ಅಡ್ಡಿಯಲ್ಲ.

ಅಪಾಯ ಎಲ್ಲಿದೆ ಅಂತ ಹೇಳುತ್ತೇನೆ. ಆಪರೇಷನ್ ವೇಳೆ ಸರ್ಜನ್ ಸಣ್ಣ ಸಣ್ಣ ರಕ್ತನಾಳಗಳನ್ನು ಸುಟ್ಟು ಮುಚ್ಚುತ್ತಾರೆ. ಅರಿವಳಿಕೆಯಲ್ಲಿ ಸಾಮಾನ್ಯವಾಗಿ ಬಿಪಿ ಇಳಿದಿರುತ್ತದೆ, ಎಲ್ಲ ಒಣಗಿದಂತೆ ಕಾಣುತ್ತದೆ. ಎಚ್ಚರವಾದ ಮೇಲೆ ನೋವು, ವಾಂತಿ, ಕೆಮ್ಮು, ಗಾಬರಿ. ಬಿಪಿ ಸರ್ರನೆ ಏರುತ್ತದೆ. ಮುಚ್ಚಿದ ನಾಳ ಬಿಟ್ಟುಕೊಂಡರೆ ಚರ್ಮದೊಳಗೆ ರಕ್ತ ಕಟ್ಟುತ್ತದೆ. ಇದಕ್ಕೆ ಹೆಮಟೋಮಾ ಅಂತಾರೆ. ಹೆಚ್ಚಾಗಿ ಮೊದಲ 24 ಗಂಟೆಯಲ್ಲೇ ಆಗುತ್ತದೆ. ಮತ್ತೆ ಥಿಯೇಟರಿಗೆ ಒಯ್ಯಬೇಕಾಗಬಹುದು.

ಎಷ್ಟಿದ್ದರೆ ಸರಿ? ಬ್ರಿಟನ್ನಿನ ಅರಿವಳಿಕೆ ಮತ್ತು ಬಿಪಿ ತಜ್ಞರ ಸಂಘಗಳು 2016ರಲ್ಲಿ ಒಂದು ಗೆರೆ ಎಳೆದವು. ಹಿಂದಿನ 12 ತಿಂಗಳಲ್ಲಿ ಫ್ಯಾಮಿಲಿ ಡಾಕ್ಟರ್ ಬಳಿ 160/100ಕ್ಕಿಂತ ಕಡಿಮೆ ಬಂದಿದ್ದರೆ ತುರ್ತಿಲ್ಲದ ಆಪರೇಷನ್ ಮಾಡಬಹುದು. ಆದರೆ ಇದನ್ನು ಒಂದೆರಡು ತಿಂಗಳು ಮುಂದೂಡಿದರೆ ಜೀವಕ್ಕೇನೂ ಆಗುವುದಿಲ್ಲ, ಅಲ್ವಾ? ಹಾಗಾಗಿ ನಾನು ಇನ್ನೂ ಬಿಗಿ. 140/90ರ ಒಳಗೆ ಬರಲಿ ಅನ್ನುತ್ತೇನೆ.

ಮನೆಯಲ್ಲೇ ಒಂದು ವಾರ ಬೆಳಿಗ್ಗೆ, ಸಂಜೆ ನೋಡಿ ಬರೆದಿಡಿ. ಐದು ನಿಮಿಷ ಸುಮ್ನೆ ಕುಳಿತ ಮೇಲೆ ನೋಡಬೇಕು. ತೋಳು ದಪ್ಪ ಇದ್ದು ಅದಕ್ಕೆ ಸುತ್ತುವ ಪಟ್ಟಿ ಚಿಕ್ಕದಾದರೆ ಬಿಪಿ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿಯನ್ನೇ ಕೇಳಿ.

ಇನ್ನು ಮಾತ್ರೆ. ಗೊಂದಲ ಇಲ್ಲೇ ಜಾಸ್ತಿ. ಆಪರೇಷನ್ ದಿನ ಏನೂ ತಿನ್ನಬಾರದು ಅಂದರೆ ಎಲ್ಲ ಮಾತ್ರೆ ಬಿಡಬೇಕು ಅಂದುಕೊಳ್ಳುತ್ತಾರೆ. ಅಮ್ಲೋಡಿಪಿನ್ ಅನ್ನು ಸಾಮಾನ್ಯವಾಗಿ ಅಂದು ಬೆಳಿಗ್ಗೆಯೂ ಒಂದು ಗುಟುಕು ನೀರಲ್ಲಿ ನುಂಗಲು ಹೇಳುತ್ತೇವೆ. ಅಟೆನೊಲಾಲ್, ಮೆಟೊಪ್ರೊಲಾಲ್ ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ತೊಂದರೆ. ಆದರೆ ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದವನ್ನು ಅನೇಕ ಅರಿವಳಿಕೆ ವೈದ್ಯರು 24 ಗಂಟೆ ಮೊದಲೇ ಬಿಡಿಸುತ್ತಾರೆ. ಇಲ್ಲದಿದ್ದರೆ ಅರಿವಳಿಕೆಯಲ್ಲಿ ಬಿಪಿ ತೀರಾ ಕುಸಿಯಬಹುದು. ಒಂದೇ ಗುಳಿಗೆಯಲ್ಲಿ ಎರಡು ಔಷಧ ಸೇರಿರುವುದೂ ಉಂಟು. ಅದಕ್ಕೇ ಹೆಸರು ಹೇಳಿದರೆ ಸಾಲದು, ಸ್ಟ್ರಿಪ್ಪನ್ನೇ ತಂದು ತೋರಿಸಿ. ಆಸ್ಪಿರಿನ್, ಐಬುಪ್ರೊಫೆನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ಹಲ್ಲಿಗೆ ಹಚ್ಚುವವರು ತಿಂಗಳು ಮೊದಲೇ ಬಿಡಬೇಕು. ನಿಕೋಟಿನ್ ರಕ್ತನಾಳ ಕುಗ್ಗಿಸಿ, ಮೊಲೆತೊಟ್ಟು ಸಾಯುವ ಅಪಾಯ ಹೆಚ್ಚಿಸುತ್ತದೆ.

ವಿಮೆ ಬಗ್ಗೆ ಒಂದು ಮಾತು. ಸೌಂದರ್ಯಕ್ಕೆ ಅಂತ ಬರೆದರೆ ಹಣ ಸಿಗುವುದಿಲ್ಲ. ನೋವು, ಚರ್ಮದ ತೊಂದರೆಗೆ ತೆಗೆದುಕೊಂಡ ಚಿಕಿತ್ಸೆಯ ಕಾಗದಗಳನ್ನು ಜೋಪಾನ ಮಾಡಿ. ಒಪ್ಪಿಗೆ ಸಿಗುತ್ತದೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಮನೆಗೆ ಬಂದ ಮೇಲೆ ಕೆಲವು ವಾರ ನೀರಿನ ಬಕೆಟ್ ಎತ್ತಬೇಡಿ, ಲೋಕಲ್ ಟ್ರೇನಿನ ನೂಕುನುಗ್ಗಲು ಬೇಡ. ಬಿಪಿ ಮಾತ್ರೆ ಯಾವಾಗ ಮತ್ತೆ ಶುರು ಅಂತ ಬರೆಸಿಕೊಂಡೇ ಬನ್ನಿ. ಒಂದು ಕಡೆ ಮಾತ್ರ ಊದಿಕೊಂಡು ಬಿಗಿಯಾಗಿ ನೋವು ಏರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ, ಹೊರಟುಬಿಡಿ.